ಲುಸ್ಕಾಗೆ ಎಷ್ಟು ಕೈ

ಎಂಟು ದಿನದಲ್ಲಿ ಮಡುವಿನ ಮೃಗ ಲುಸ್ಕಾಗೆ ಮೂರು ಕೈ ಹೆಚ್ಚಾಗಿದ್ದವು.

ರೆಡ್ ಬೇಸ್ ಅನ್ನುವ ದ್ವೀಪದೂರಿನ ದಂಡೆಯಲ್ಲಿ, ಕಡಲ ಸ್ಪಂಜು ಕೊಳೆಹಾಕುವ ಗೂಟದ ದೊಡ್ಡಿಯೊಳಗೆ, ಎನೋಸ್ ಬೌಲೆಗ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೋಲಿನಿಂದ ಸ್ಪಂಜು ಬಡಿಯುತ್ತಿದ್ದ. ಕರಿ ಸಿಪ್ಪೆ ಕೊಳೆತು ಕಳಚುವ ಆ ನಾತಕ್ಕೆ ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಊರಿನವರಿಗೆ ಅದು ಒಲೆ ಉರಿಯುವ ವಾಸನೆ. ಪಕ್ಕದಲ್ಲಿ ಜೇಬೆಜ್ ಮತ್ತು ಅವನ ಭಾವಮೈದುನ ಲೆಮ್ಯುಯೆಲ್ ಕೆಲಸಕ್ಕಿಂತ ಜಾಸ್ತಿ ಬಾಯಿ ಬಡಿಯುತ್ತಿದ್ದರು.

"ಹತ್ತು ಕೈ ಕಣೋ. ಮುಂದೆ ಶಾರ್ಕಿನ ಬಾಯಿ, ಹಿಂದೆ ಹತ್ತು ಕೈ," ಅಂದ ಜೇಬೆಜ್.

"ಹೋದ ವಾರ ಏಳು ಅಂದಿದ್ದೆ."

"ಹೋದ ವಾರ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ. ಲೆಕ್ಕ ತಪ್ತು."

ಲೆಮ್ಯುಯೆಲ್ ನಕ್ಕ. "ಹತ್ತಾದ್ರೂ ಇರ್ಲಿ, ನೂರಾದ್ರೂ ಇರ್ಲಿ. ಉಂಡ ಲುಸ್ಕಾ ಒಂದು ವರ್ಷ ಮಲಗತ್ತೆ. ಈಗ ಉಂಡಿದೆಯಲ್ಲ. ಸೋಮವಾರ ನಮ್ಮ ದೋಣಿ ಆ ಮಡುವಿಗೇ. ಅಂಚಿನ ತುಂಬ ಬೆಲೆಬಾಳೋ ಉಣ್ಣೆ ಸ್ಪಂಜು, ಒಂದೊಂದೂ ಬುಟ್ಟಿ ಗಾತ್ರ."

"ಷ್, ಮೆಲ್ಲಗೆ." ಜೇಬೆಜ್ ಎನೋಸನ ಕಡೆ ತಿರುಗಿದ. ದನಿ ತಗ್ಗಿಸಿದರೂ ಆಸೆ ತಗ್ಗಲಿಲ್ಲ. "ಲೇ ಎನೋಸ್, ಕಣ್ಣಾರೆ ಕಂಡೋನು ನೀನು. ನೀನೇ ಹೇಳ್ಬಿಡಪ್ಪ. ನಿಮ್ಮಣ್ಣನ್ನ ಎಷ್ಟು ಕೈ ಹಿಡ್ಕೊಂಡಿತ್ತು?"

"ನಿಮ್ಮಪ್ಪನ ಕೈ!" ಎಂದು ಎನೋಸ್ ಕೋಲು ಬೀಸಿ ಎಸೆದ. ಅದು ಜೇಬೆಜ್‌ನ ಕಿವಿ ಸವರಿ ನೀರಿಗೆ ಬಿತ್ತು. ಜೇಬೆಜ್ ಸಿಟ್ಟಾಗಲಿಲ್ಲ. ಪಾಪ, ದುಃಖ, ಅನ್ನುವ ಹಾಗೆ ಲೆಮ್ಯುಯೆಲ್‌ಗೆ ಕಣ್ಣು ಮಾಡಿದ. ಆ ಕನಿಕರ ಕಂಡು ಎನೋಸನಿಗೆ ಮೈಯೆಲ್ಲ ಉರಿಯಿತು. ದೊಡ್ಡಿ ದಾಟಿ ದಂಡೆಗೆ ಹತ್ತಿ ಹೊರಟುಬಿಟ್ಟ.

ಅವನು ಯಾವ ಕೈಯನ್ನೂ ಕಂಡಿರಲಿಲ್ಲ. ಲುಸ್ಕಾ ಅನ್ನುವ ಮಾತನ್ನೂ ಆಡಿರಲಿಲ್ಲ. ಅಣ್ಣ ಥಿಯೊಫಿಲಸ್‌ನನ್ನು ಕಡಲ ತಳದ ಬಾವಿಯಂಥ ನೀಲಿ ಮಡು ನುಂಗಿದ ದಿನ ಎನೋಸ್ ಒಬ್ಬನೇ ದೋಣಿ ತಂದಾಗ, ದಂಡೆಯಲ್ಲಿ ನಿಂತಿದ್ದ ಇದೇ ಜೇಬೆಜ್ "ಲುಸ್ಕಾ ತಗೊಂಡಿತಾ?" ಎಂದು ಕೂಗಿದ್ದ. ಎನೋಸ್ ಹೌದೆಂದು ತಲೆಯಾಡಿಸಿದ್ದ. ಆಡಿದ್ದು ಅಷ್ಟೇ, ಒಂದು ಸಲ ತಲೆ. ಅಷ್ಟಕ್ಕೇ ಊರು ಮಿಕ್ಕಿದ್ದೆಲ್ಲ ಕಟ್ಟಿಕೊಂಡಿತು.

ನಡೆದದ್ದು ಬೇರೆ. ಇಬ್ಬರ ದೋಣಿ. ಥಿಯೊ ಮುಂದೆ ಬಗ್ಗಿ, ಗಾಜಿನ ತಳದ ಬಕೆಟ್ಟನ್ನು ನೀರಿಗೆ ಒತ್ತಿ, ಅದರೊಳಗೆ ಮುಖ ಹುದುಗಿಸಿ, ಉದ್ದ ಗಳುವಿನ ಕೊಕ್ಕೆಯಿಂದ ಸ್ಪಂಜು ಕೀಳುವವನು. ಎನೋಸ್ ಹಿಂದೆ ನಿಂತು ಒಂಟಿ ಹುಟ್ಟು ಹಾಕುವವನು. ಎಲ್ಲಿಗೆ, ಯಾವಾಗ ಅನ್ನುವುದು ಹುಟ್ಟು ಹಿಡಿದವನ ಮಾತು. ಮಡುವಿನ ಮೇಲೆ ಹೋಗುವುದು ಥಿಯೊಗೆ ಇಷ್ಟವಿರಲಿಲ್ಲ. "ಅಯ್ಯೋ ನನ್ನ ಹೆದರುಪುಕ್ಕಲ, ಲುಸ್ಕಾ ಬಂದು ನಿನ್ನ ಮೂಗು ಕಚ್ಚತ್ತಾ?" ಎಂದು ಎನೋಸ್ ಆಡಿಕೊಂಡಿದ್ದ. ಉಬ್ಬರದಲ್ಲಿ ಮಡು ಎಳೆಯುತ್ತದೆ, ಇಳಿತದಲ್ಲಿ ಉಗುಳುತ್ತದೆ, ಇದು ಎಲ್ಲರಿಗೂ ಗೊತ್ತು. ದಂಡೆಯ ಕಾಂಡ್ಲಾ ಗಿಡದ ಬೇರಿನ ಮೇಲಿನ ಉಬ್ಬರದ ಗುರುತಿಗೆ ಬಂದು ನೀರು ನಿಂತಿತ್ತು. ಉಬ್ಬರ ಮುಗಿದಿತ್ತು. "ನಿಂತಿದೆಯೇನೋ?" ಎಂದು ಥಿಯೊ ಬಕೆಟ್ಟಿನೊಳಗಿಂದಲೇ ಕೇಳಿದ. "ನಿಂತಿದೆ," ಅಂದ ಎನೋಸ್. ಮಡುವಿನ ನಡುವಿಗೆ ಹುಟ್ಟು ಹಾಕಿದ.

ನೀರು ಸುಳಿ ತಿರುಗಿತು. ದೋಣಿ ಬುಗುರಿಯಂತೆ ಸುತ್ತಿತು. ಥಿಯೊ ಬಕೆಟ್ಟಿನ ಸಮೇತ ತಲೆಕೆಳಗಾಗಿ ಹೋದ. ಎನೋಸ್ ಎರಡೂ ಕೈಯಲ್ಲಿ ಹುಟ್ಟು ಹಾಕಿದ, ಅಣ್ಣನ ಕಡೆಗಲ್ಲ, ಹೊರಕ್ಕೆ.

ಎನೋಸನ ಮನೆಯ ಹಿಂದೆ ಬೋರಲು ಹಾಕಿದ ಹಳೇ ದೋಣಿಯ ಮೇಲೆ, ಊರಿಗೆಲ್ಲ ತಾತನಾದ ಟ್ಯಾಸಿಟಸ್ ಕೂತಿದ್ದ. ಕಡಲಲ್ಲಿ ಸತ್ತವನಿಗೆ ರೆಡ್ ಬೇಸ್‌ನಲ್ಲಿ ಗೋರಿಯಿಲ್ಲ, ಹಾಡಿದೆ. ಆ ಹಾಡು ಕಟ್ಟುವವನು ಟ್ಯಾಸಿಟಸ್. ಯಾವ ದಿಬ್ಬದ ಮೇಲೆ, ಯಾವ ಗಾಳಿಯಲ್ಲಿ, ದೋಣಿಯಲ್ಲಿ ಯಾರಿದ್ದರು, ಎಲ್ಲ ಅದರಲ್ಲಿ ಬರಬೇಕು. ಓದು ಬಾರದ ಊರು ಕಡಲನ್ನು ಕಲಿಯುವುದೇ ಹಾಡಿನಿಂದ. ಒಮ್ಮೆ ಹಾಡಿಗೆ ಹೋದದ್ದನ್ನು ಯಾರೂ ಹಿಂದಕ್ಕೆ ತೆಗೆಯುವ ಹಾಗಿಲ್ಲ.

"ದೇಹ ಸಿಕ್ಕಿಲ್ಲ, ರಾತ್ರಿಯೆಲ್ಲ ಹೆಣ ಕಾಯ್ತಾ ಕೂರೋದು ಬೇಡ. ಭಾನುವಾರ ಮಧ್ಯಾಹ್ನ ಹಾಡೋಣ ಅಂದಿದಾಳೆ ನಿಮ್ಮಮ್ಮ," ಅಂದ ತಾತ. "ದೋಣೀಲಿದ್ದೋನು ನೀನು. ನೀನು ಕೊಟ್ಟದ್ದನ್ನ ನಾನು ಹಾಡ್ತೀನಿ. ಕೊಡು ಮಗ."

"ನಿಮ್ಮ ಹತ್ರ ಹಳೇದು ಇದೆಯಲ್ಲ ತಾತ, ನಲವತ್ತು ವರ್ಷದ ಹಿಂದೆ ಅಮನ್ ಮುಳುಗಿದಾಗ ಕಟ್ಟಿದ್ದು. ಅದೇ ಮಡು, ಅದೇ ಏಳು ಕೈ. ಅಮನ್ ಅನ್ನೋ ಕಡೆ ಥಿಯೊ ಅಂತ ಹಾಕ್ಕೊಂಡು ಹಾಡ್ಬಿಡಿ. ಊರಿಗೆ ಬೇಕಾಗಿರೋದೂ ಅದೇ."

ತಾತ ಕೊಂಕನ್ನು ಕೇಳಿಸಿಕೊಳ್ಳದವನಂತೆ ಕೂತ. "ನೀರು ಎಲ್ಲಿತ್ತು?"

"ನಿಂತಿತ್ತು. ಬೇರಿನ ಗುರುತಿಗೆ. ನಾನೇ ನೋಡಿದ್ದೆ."

"ಹುಲ್ಲು?"

"ಯಾವ ಹುಲ್ಲು?"

ಮುದುಕ ನೆಲ ನೋಡುತ್ತ ಹೇಳಿದ: "ಮಡುವಿನ ಅಂಚಲ್ಲಿ ಕಡಲಹುಲ್ಲು ಇರತ್ತಲ್ಲ. ಮಡು ಎಳೀತಿದ್ರೆ ಅದು ಒಳಕ್ಕೆ ಬಾಗತ್ತೆ, ಉಗುಳ್ತಿದ್ರೆ ಹೊರಕ್ಕೆ. ನೆಟ್ಟಗೆ ಎದ್ದು ನಿಂತ್ರೆ ಮಾತ್ರ ನಿಂತಿದೆ ಅಂತ. ಹೊರಗಿನ ನೀರು ನಿಂತ್ರೂ ಒಳಗಿನದು ನಿಲ್ಲಲ್ಲ ಮಗ. ಕೆಳಗೆ ಗುಹೆ ಮೇಲೆ ಗುಹೆ, ಈ ದ್ವೀಪದ ಹೊಟ್ಟೆಯೊಳಕ್ಕೆಲ್ಲ ಹೋಗಿದಾವೆ. ಅವು ತುಂಬೋ ತನಕ ಎಳೀತಾನೇ ಇರತ್ತೆ. ಒಂದು ಮಡಕೆ ಜೋಳದ ನುಚ್ಚು ಬೇಯೋಷ್ಟು ಹೊತ್ತು. ಕೆಲವು ಸಲ ಎರಡು."

ಎನೋಸನಿಗೆ ಬಕೆಟ್ಟಿನೊಳಗಿಂದ ಥಿಯೊ ಆಡಿದ ಇನ್ನೊಂದು ಮಾತು ಈಗ ನೆನಪಾಯಿತು. "ಹುಲ್ಲು ಯಾಕೋ ಮಲಗಿದೆ ಕಣೋ." ಅದಕ್ಕೆ ತಾನು ಅಂದಿದ್ದ: "ಹುಲ್ಲು ಮೇಯೋಕೆ ಬಂದಿದೀಯಾ? ಸ್ಪಂಜು ನೋಡು."

"ಇದು ನಿಮಗೆ ಹೇಗೆ ಗೊತ್ತು?"

"ಅಮನ್ ಹೋದಾಗ ಹುಟ್ಟು ನನ್ನ ಕೈಲಿತ್ತು." ತಾತನ ದನಿಯಲ್ಲಿ ಏರಿಳಿತವಿರಲಿಲ್ಲ. "ಮೃಗ ಮೇಲಕ್ಕೆ ಬರ್ಲಿ, ಚುಚ್ಚಿ ಸಾಯಿಸ್ತೀನಿ ಅಂತ ಒಂದು ತಿಂಗಳು ದಿನಾ ಹೋಗಿ ಮಡುವಿನ ಪಕ್ಕ ಕಾದೆ. ಏನೂ ಬರ್ಲಿಲ್ಲ. ಹುಲ್ಲು ಬಾಗೋದು, ಏಳೋದು, ಬಾಗೋದು. ಅಷ್ಟೇ ಕಂಡದ್ದು."

"ಮತ್ತೆ ಕೈ?"

"ನಮ್ಮ ತಾತನ ಕಾಲದಲ್ಲಿ ಲುಸ್ಕಾಗೆ ಕೈ ಇರ್ಲಿಲ್ಲ. ಬರೀ ಉಸಿರಿತ್ತು, ಒಳಕ್ಕೆ ಹೊರಕ್ಕೆ. ನಾನು ಒಂದ್ಸಲ ಬಂಡೆ ಸಂದೀಲಿ ಆಕ್ಟೋಪಸ್ ನೋಡಿದ್ದೆ, ನನ್ನ ತೋಳಿನಷ್ಟುದ್ದ. ನನ್ನ ಕೊಕ್ಕೆ ಹಿಡ್ಕೊಂಡು ಬಿಡ್ಲೇ ಇಲ್ಲ. ಅದರ ಕೈ ತಂದು ಹಾಡಿಗೆ ಅಂಟಿಸಿದೆ. ಅದಕ್ಕಿದ್ದದ್ದು ಎಂಟು. ತಾಳಕ್ಕೆ ಏಳೇ ಕೂತಿದ್ದು." ಮುದುಕನಿಗೆ ನಗು ಬರಲಿಲ್ಲ. "ಅಮನ್ ಹೆಂಡ್ತಿ ಎದುರಿಗೇ ಕೂತಿದ್ಲು ಮಗ. ನನ್ನ ಹೆಸರು ಹೇಳೋಕೆ ನಾಲಿಗೆ ಏಳ್ಲಿಲ್ಲ."

ಎನೋಸ್ ಅವನ ಅಂಗಿಯ ಎದೆ ಹಿಡಿದು ಎಬ್ಬಿಸಿದ. ಒಣಗಿದ ಸ್ಪಂಜಿನಷ್ಟು ಹಗುರಾಗಿದ್ದ ಮುದುಕ.

"ನಲವತ್ತು ವರ್ಷ! ನಲವತ್ತು ವರ್ಷ ಏಳು ಕೈ ಹಾಡಿದ್ರಿ! ಅದರ ಬದಲು ಒಂದು ಸಲ, ಒಂದೇ ಒಂದು ಸಲ ಹುಲ್ಲು ಅಂತ ಹಾಡಿದ್ರೆ ನಮ್ಮಣ್ಣ ಇವತ್ತು ಒಳಗೆ ಕೂತು ತೊಗರಿ ಅನ್ನ ತಿಂತಿದ್ದ. ನೀವು ಕೊಂದ್ರಿ ಅವನ್ನ. ಕೂತಲ್ಲೇ ಕೂತು, ರಾಗ ಎಳ್ಕೊಂಡು ಕೊಂದ್ರಿ!"

"ಹೌದು," ಅಂದ ತಾತ.

ಆ ಒಂದು ಮಾತಿಗೆ ಎನೋಸನ ಕೈ ಸಡಿಲವಾಯಿತು. ಹೊಡೆಯಲು ಏನೂ ಉಳಿದಿರಲಿಲ್ಲ. ಸೋಮವಾರ ಜೇಬೆಜ್‌ನ ದೋಣಿ ಅದೇ ಮಡುವಿಗೆ ಹೋಗುತ್ತದೆ. ಲುಸ್ಕಾ ಉಂಡು ಮಲಗಿದೆ ಅಂತ ನಗುನಗುತ್ತ ಹೋಗುತ್ತದೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು ತಾತನ ಹಾಡಲ್ಲ, ತಾನು ಆಡಿಸಿದ ತಲೆ.

ತಾಯಿ ಆಲ್ವಿರಾ ಬಾಗಿಲಲ್ಲಿ ಕೂತು ತಾಳೆಗರಿಯ ಬುಟ್ಟಿ ಹೆಣೆಯುತ್ತಿದ್ದಳು. ಎನೋಸ್ ನಿಂತೇ ಎಲ್ಲ ಹೇಳಿದ. ನಿಂತಿದೆ ಅಂದದ್ದು, ಹುಲ್ಲಿನ ಮಾತು, ಹೊರಕ್ಕೆ ಹುಟ್ಟು ಹಾಕಿದ್ದು. ಅವಳ ಬೆರಳು ನಿಲ್ಲಲಿಲ್ಲ. ಹೆಣಿಗೆ ಮಾತ್ರ ಬಿಗಿಯಾಗುತ್ತ ಹೋಗಿ ಒಂದು ಗರಿ ತುಂಡಾಯಿತು.

"ಯಾರ್ಯಾರಿಗೆ ಹೇಳಿದೀಯ?"

"ತಾತಂಗೆ ಗೊತ್ತು."

"ಅಲ್ಲಿಗೇ ನಿಲ್ಲಿಸು."

"ಅಮ್ಮ, ಸೋಮವಾರ ಜೇಬೆಜ್..."

"ಜೇಬೆಜ್‌ನ ನಾನು ಹೆತ್ತಿಲ್ಲ." ಅವಳು ತಲೆಯೆತ್ತಿದಳು. "ಲುಸ್ಕಾನ ನಾನು ಬೈಬಹುದು ಕಣೋ. ಬೆಳಗಾಗೆದ್ದು ಕಡಲ ಕಡೆ ತಿರುಗಿ ಥೂ ಅಂತ ಉಗೀಬಹುದು. ನಿನ್ನನ್ನ ಏನು ಮಾಡ್ಲಿ? ನಿನಗೆ ಅನ್ನ ಹಾಕ್ಬೇಕಲ್ಲ ಇದೇ ಕೈಲಿ. ಒಬ್ಬನ್ನ ನೀರು ತಗೊಂಡ್ತು, ಇನ್ನೊಬ್ಬನ್ನ ಹಾಡು ತಗೊಳ್ಳೋದು ಬೇಡ. ಅದಕ್ಕೆ ಹತ್ತು ಕೈ ಇರ್ಲಿ, ಇಪ್ಪತ್ತು ಇರ್ಲಿ. ನನಗೆ ಲುಸ್ಕಾನೇ ಸಾಕು."

ಅಷ್ಟು ದಿನ ಊರಿನ ಮೇಲೆ ಉರಿದುಬಿದ್ದ ಎನೋಸ್ ಅಮ್ಮನ ಎದುರು ಬೂದಿಯಾಗಿ ನಿಂತ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನ ಮನೆಯ ಅಂಗಳದಲ್ಲಿ ಸೇರಿದರು. ಹೆಂಗಸರು ಒಂದು ಕಡೆ, ಹಾಡುವ ಗಂಡಸರು ಒಂದು ಕಡೆ. ಟ್ಯಾಸಿಟಸ್ ಸಾಲು ಎತ್ತುತ್ತಿದ್ದ. ಜೇಬೆಜ್ ಮತ್ತು ಅವನ ಕಡೆಯವರು ಕೆಳಗಿನ ದನಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಥಿಯೊ ಹುಟ್ಟಿದ್ದು ಬಂತು, ಅವನ ಮೊದಲ ದೋಣಿ ಬಂತು, ಹೊರಟ ಬೆಳಗ್ಗೆ, ತೆಂಕಣ ಗಾಳಿ, ಕಾಂಡ್ಲಾ ಬೇರಿನ ನೀರು. ಮಡು ಬಂತು. ತಾತ ಆಲ್ವಿರಾಳ ಮುಖ ನೋಡಿದ. ನಲವತ್ತು ವರ್ಷದ ರೂಢಿ, ನಾಲಿಗೆ ತಾನಾಗಿಯೇ ಹಳೆಯ ಜಾಡಿಗೆ ಇಳಿಯಿತು: "ಆಗ ಎದ್ದವು ಏಳು..."

ಎನೋಸ್ ಎದ್ದು ನಿಂತ. ಹಾಡುವವನ ಸಾಲು ಕತ್ತರಿಸುವುದೆಂದರೆ ಹೆಣದ ಮೇಲೆ ಕಾಲಿಟ್ಟ ಹಾಗೆ. ಅವನಿಗೆ ರಾಗವೂ ಬರುತ್ತಿರಲಿಲ್ಲ. ಕಿರುಚಿದ ಹಾಗೆ ಹಾಡಿದ:

"ನೀರು ನಿಂತಿತ್ತು, ಹುಲ್ಲು ನಿಂತಿರಲಿಲ್ಲ,
ಹುಟ್ಟು ಹಿಡಿದವ ಎನೋಸ, ತಮ್ಮ,
ನಿಂತಿದೆ ಅಂದ, ನಿಂತಿರಲಿಲ್ಲ."

ಕೆಳಗಿನ ದನಿ ತಟ್ಟನೆ ನಿಂತುಹೋಯಿತು. ಲೆಮ್ಯುಯೆಲ್ ಏನೋ ಹೇಳಲು ಬಾಯಿ ತೆರೆದ. ಜೇಬೆಜ್ ಅವನ ತೋಳು ಹಿಡಿದ. ಜೇಬೆಜ್‌ನ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಸೋಮವಾರ ನೆನಪಾಗಿರಬೇಕು, ಬಣ್ಣವೇ ಇಳಿದುಹೋಯಿತು.

ತಾತ ಕಣ್ಣು ಮುಚ್ಚಿಕೊಂಡು ಆ ಒರಟು ಸಾಲುಗಳನ್ನು ಎತ್ತಿ ರಾಗಕ್ಕೆ ಕೂರಿಸಿದ. ಹುಲ್ಲು ಒಳಕ್ಕೆ, ಹುಲ್ಲು ಹೊರಕ್ಕೆ, ಹುಲ್ಲು ನೆಟ್ಟಗೆ ಎಂದು ಮೂರು ಸಲ ಹಾಡಿದ. ಆಮೇಲೆ ಯಾರೂ ಕೇಳದೆ ಅಮನ್‌ನ ಹೆಸರು ತಂದ. ಅಮನ್‌ನ ದೋಣಿಯ ಹುಟ್ಟು ನನ್ನದೇ ಎಂದು ಹಾಡಿದ. ಜೇಬೆಜ್ ಮೊದಲು ದನಿ ಕೊಟ್ಟ. ಒಬ್ಬೊಬ್ಬರಾಗಿ ಉಳಿದವರೂ ಹಿಡಿದರು. ಲುಸ್ಕಾಗೆ ಆ ಹಾಡಿನಲ್ಲಿ ಒಂದು ಕೈಯೂ ಸಿಗಲಿಲ್ಲ.

ಆಲ್ವಿರಾ ಎದ್ದು ಹೊರಗೆ ಹೋಗಿದ್ದಳು.

ಜನ ಚದುರಿದ ಮೇಲೆ, ಹೊತ್ತು ಇಳಿಯುವ ಮುಂಚೆ, ಎನೋಸ್ ಅವಳನ್ನು ಹುಡುಕಿಕೊಂಡು ಹೋದ. ಹಿತ್ತಲಿನ ಸಪೋಟ ಮರದ ಬೇರಿನ ಮೇಲೆ ಕೂತಿದ್ದಳು. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ.

"ಉಂಡ್ಯಾ?" ಮುಖ ತಿರುಗಿಸದೆ ಕೇಳಿದಳು.

"ಇಲ್ಲಮ್ಮ."

"ಒಲೆ ಮೇಲೆ ಏಡಿ ಅನ್ನ ಇದೆ. ನೀನೇ ಬಡಿಸ್ಕೋ. ನನ್ನ ಕೈಲಿ ಆಗಲ್ಲ."

ಅವನು ಕದಲಲಿಲ್ಲ. ತಬ್ಬಿಕೊಳ್ಳಲಿ ಅಂತಲ್ಲ, ಹೊಡೆಯಲಿ ಅಂತ ಕಾದ. ಹೊಡೆದಿದ್ದರೆ ಸಾಕಿತ್ತು. ಅವಳು ಸೆರಗಿನಂಥ ತನ್ನ ತಲೆವಸ್ತ್ರ ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡಳು. ಎಷ್ಟೋ ಹೊತ್ತು ಹಿಡಿಯಿತು ಅಷ್ಟಕ್ಕೆ.

"ನಾಳೆ ನನ್ನ ಕಣ್ಣಿಗೆ ಬೀಳ್ಬೇಡ," ಅಂದಳು. ಉಸಿರು ತಗೊಂಡು ಮತ್ತೆ ಅಂದಳು: "ನಾಡಿದ್ದು ಬಾ."

"ಬರ್ತೀನಮ್ಮ," ಅಂದ ಎನೋಸ್.