ಗೇಟಿನ ಹೊರಗೆ ಅಪ್ಪ, ಬೆಂಚಿನ ಮೇಲೆ ಮಗ

"ಸಾಯೋದೇ ಆಗಿದ್ರೆ ಕಟಾವು ಮುಗಿಸ್ಕೊಂಡು ಸಾಯಕ್ಕಾಗ್ಲಿಲ್ವೇನ್ಲಾ ನಿಮ್ಮಣ್ಣಂಗೆ?"

ಡೆಲ್‌ಪೋರ್ಟ್ ಧಣಿ ಇದನ್ನು ಕೇಳಿದಾಗ ನಾನು ಟೋಪಿ ಕೈಯಲ್ಲಿ ಹಿಡಿದುಕೊಂಡು ಅವರ ಹಿಂಬಾಗಿಲ ಮೆಟ್ಟಿಲ ಕೆಳಗೆ ನಿಂತಿದ್ದೆ. ಧಣಿ ಸಾಸೇಜು ತಿನ್ನುತ್ತಿದ್ದರು. ನನ್ನ ಅಣ್ಣ ಮಬಾಂಡ್ಲ ಹಿಂದಿನ ದಿನ ಕಿತ್ತಳೆ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಹೊತ್ತಿದ್ದ ಪೆಟ್ಟಿಗೆಯನ್ನು ಜೋಪಾನವಾಗಿ ಕೆಳಗಿಟ್ಟೇ ಕೂತಿದ್ದ. ಒಂದು ಹಣ್ಣೂ ಜಜ್ಜಿರಲಿಲ್ಲ. ಧಣಿಗೆ ಸ್ವಲ್ಪ ಸಮಾಧಾನವಾದೀತೆಂದು ಅದನ್ನೂ ಹೇಳಿದೆ.

"ತಪ್ಪಾಯ್ತು ಬಾಸ್," ಎಂದೆ. ಸತ್ತವರ ಪರವಾಗಿ ಕ್ಷಮೆ ಕೇಳುವುದು ನಮ್ಮ ತೋಟದಲ್ಲಿ ಹೊಸದೇನಲ್ಲ.

"ಮಣ್ಣು ಎಲ್ಲಿ ಮಾಡ್ತೀರಿ?"

"ಹೊಳೆದಂಡೆ ಜಾಲಿಮರದ ಕೆಳಗೆ ಬಾಸ್. ಅಪ್ಪ, ಅವ್ವ, ತಾತ, ಎಲ್ಲ ಅಲ್ಲೇ ಅವ್ರೆ."

ಆ ಹೊಳೆದಂಡೆಗೆ ಹೋದ ವರ್ಷ ಧಣಿ ಎತ್ತರದ ತಂತಿಬೇಲಿ ಹಾಕಿಸಿ, ಅದಕ್ಕೆ ಕರೆಂಟು ಕೊಡಿಸಿ, ಒಳಗೆ ಕಾಡೆಮ್ಮೆ, ಜಿಂಕೆ ಬಿಟ್ಟಿದ್ದರು. ಜರ್ಮನಿಯಿಂದ ಜನ ಬಂದು ಅವುಗಳಿಗೆ ಗುಂಡು ಹೊಡೆದು, ಪಕ್ಕದಲ್ಲಿ ಮಂಡಿಯೂರಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ತೋಟದಲ್ಲೇ ಬಾಳಿದವರನ್ನು ತೋಟದಲ್ಲೇ ಹೂಳಬಹುದು ಎಂದು ಕಾನೂನಿದೆ. ಕಾನೂನು ಪ್ರಿಟೋರಿಯಾದಲ್ಲಿದೆ, ಗೇಟಿನ ಬೀಗದ ಕೈ ಧಣಿಯ ಜೇಬಿನಲ್ಲಿದೆ.

"ಗಿರಾಕಿಗಳು ಕಾಡು ನೋಡಕ್ಕೆ ಬರ್ತಾರೆ ಕಣ್ಲಾ, ನಿಮ್ಮ ಗೋರಿ ನೋಡಕ್ಕಲ್ಲ. ಊರಾಚೆ ಮುನಿಸಿಪಾಲ್ಟಿ ಮಸಣ ಐತೆ, ಅಲ್ಲಿಗೆ ಎತ್ಕೊಂಡು ಹೋಗಿ." ಇಷ್ಟು ಹೇಳಿ ಧಣಿ ತಟ್ಟೆಯಿಂದ ತಲೆಯೆತ್ತಿದರು. "ಓದ್ವಾ ಏನಂತಾನೆ?"

ಓದ್ವಾ ನನ್ನ ಅಣ್ಣನ ಮಗ. ಇಪ್ಪತ್ತರ ಹುಡುಗ. ಎಬಾಯಿ ಪಟ್ಟಣದ ದೊಡ್ಡ ಕ್ಲಬ್ಬು ಅವನನ್ನು ರಗ್ಬಿ ಆಡಲು ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ನಮ್ಮವರಲ್ಲಿ ಮುತ್ತಾತನ ಕಾಲದಿಂದ ರಗ್ಬಿ ಆಡದ ಗಂಡಸಿಲ್ಲ, ಆಡಿ ಸಂಬಳ ತಂದವನು ಇವನೊಬ್ಬನೇ. ಧಣಿ ಆ ಕ್ಲಬ್ಬಿನ ಕಮಿಟಿಯಲ್ಲಿದ್ದರು. ಹುಡುಗನ ಕಾಲಿಗೆ ಮೊದಲ ಬೂಟು ಕೊಡಿಸಿದವರು ಅವರೇ. ಬೂಟು ಕೊಟ್ಟ ಮೇಲೆ ಕಾಲೂ ತಮ್ಮದೇ ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದರು. ಹಣ್ಣು ಕಟ್ಟುವ ಶೆಡ್ಡಿನ ಗೋಡೆಗೆ ಅವನ ಫೋಟೊ ಹಾಕಿಸಿ, ಕೆಳಗೆ "ನಮ್ಮ ತೋಟದ ಬೆಳೆ" ಎಂದು ಬರೆಸಿದ್ದರು. ಪಕ್ಕದಲ್ಲಿ ನಿಂಬೆಹಣ್ಣಿನ ಫೋಟೊ ಇತ್ತು.

ಕ್ಲಬ್ಬಿನಲ್ಲಿ ಅವನ ಮೊದಲ ವರ್ಷವೆಲ್ಲ ಬೇರೆಯವರು ಗುದ್ದುವ ಮೆತ್ತೆ ಹಿಡಿದು ನಿಲ್ಲುವುದರಲ್ಲೇ ಕಳೆಯಿತು. ಕೋಚ್ ಅವನನ್ನು "ಡೆಲ್‌ಪೋರ್ಟ್ ಹುಡುಗ" ಎಂದೇ ಕರೆಯುತ್ತಿದ್ದ. ಊಟದ ಬಗ್ಗೆ ಪಾಠ ಹೇಳಲು ಬಂದ ಹೆಂಗಸೊಬ್ಬಳು, ರಜೆಯಲ್ಲಿ ಮನೆಗೆ ಹೋದಾಗ ವಾರಕ್ಕೆ ಮೂರು ಸಲ ಸಾಲ್ಮನ್ ಮೀನು ತಿನ್ನಬೇಕು ಎಂದಳಂತೆ. ಇವನು ಬರೆದುಕೊಂಡು ಬಂದು ಅವ್ವನಿಗೆ ತೋರಿಸಿದ. ಅತ್ತಿಗೆ ನೊಮಾವೇತು ಅದನ್ನು ಓದಿಸಿ ಕೇಳಿ, ಜೋಳದ ನುಚ್ಚನ್ನು ಇನ್ನೊಂದು ಸೌಟು ಬಡಿಸಿದಳು.

ಈಗ, ಅಪ್ಪ ಸತ್ತ ವಾರವೇ, ಅವನ ಹೆಸರು ಮೊದಲ ಸಲ ಪಂದ್ಯದ ಪಟ್ಟಿಗೆ ಬಂದಿತ್ತು. ಹದಿನಾರನೇ ನಂಬರು. ಅಂದರೆ ಬೆಂಚಿನ ಮೇಲೆ ಕೂರುವುದು, ಬೇಕಾದರೆ ಇಳಿಯುವುದು. ಪಂದ್ಯ ಶನಿವಾರ ಮಧ್ಯಾಹ್ನ.

ನಮ್ಮಲ್ಲಿ ಮಣ್ಣು ಮಾಡುವುದೂ ಶನಿವಾರವೇ. ಬೇರೆ ದಿನ ರಜೆ ಯಾರು ಕೊಡುತ್ತಾರೆ? ಕೇಪ್ ಟೌನಿನ ನೆಂಟರು ಶುಕ್ರವಾರ ಬಸ್ಸು ಹತ್ತಿದರೆ ಶನಿವಾರ ಬೆಳಿಗ್ಗೆ ಇಳಿಯುತ್ತಾರೆ. ಧಣಿಗೂ ಇದು ಗೊತ್ತಿತ್ತು. ಯೋಚಿಸಿ ನೋಡಿದರು.

"ಜೋಹಾನ್ಸ್‌ಬರ್ಗಿಂದ ನನ್ನ ಅತಿಥಿಗಳು ಬರ್ತಾವ್ರೆ, ಹುಡುಗನ್ನ ತೋರಿಸ್ತೀನಿ ಅಂದಿದೀನಿ. ಅವನು ಮೈದಾನಕ್ಕೆ ಇಳಿದ ತಕ್ಷಣ ಅಲ್ಲಿಂದ್ಲೇ ಗಾರ್ಡಿಗೆ ಫೋನ್ ಮಾಡ್ತೀನಿ, ಬೀಗದ ಕೈ ಅವನತ್ರ ಕೊಟ್ಟಿರ್ತೀನಿ, ಗೇಟು ತೆಗೀತಾನೆ. ನನ್ನ ಮಾತಂದ್ರೆ ಮಾತು."

"ಇಳೀದಿದ್ರೆ ಬಾಸ್?"

"ಇಳೀದಿದ್ರೆ ಮುನಿಸಿಪಾಲ್ಟಿ."

ಆ ರಾತ್ರಿ ಓದ್ವಾ ಆಡುವುದಿಲ್ಲ ಎಂದು ಹಟ ಹಿಡಿದ. ಆಗ ಅವನವ್ವ ಗದರಿದಳು. "ಹೋಗಿ ಆಡ್ಲಾ. ನಿಮ್ಮಪ್ಪನ್ನ ಅವರಪ್ಪನ ಪಕ್ಕದಾಗೆ ಮಲಗಿಸ್ಬೇಕು ನಾನು. ಅಲ್ಲೀಗಂಟ ಕಾಯ್ತಾನೆ. ಕಾಯೋದು ಅವನಿಗೇನು ಹೊಸದಾ?"

ಶನಿವಾರ ಬೆಳಿಗ್ಗೆ ಹಾಡು, ಪ್ರಾರ್ಥನೆ ಎಲ್ಲ ಮುಗಿಯಿತು. ಅಣ್ಣನ ಹೆಣದ ಪೆಟ್ಟಿಗೆಯನ್ನು ಹೊತ್ತು ತಂದು ಗೇಟಿನ ಮುಂದೆ ಎರಡು ಹಣ್ಣಿನ ಕ್ರೇಟುಗಳ ಮೇಲೆ ಇಟ್ಟೆವು. ಪಾದ್ರಿ ಇನ್ನೊಂದು ಸಾವಿಗೆ ಹೋಗಬೇಕೆಂದು ಮುಂಗಡವಾಗಿಯೇ ಮಣ್ಣಿನ ಮಂತ್ರ ಹೇಳಿ ಹೊರಟುಹೋದರು. ಗೇಟಿನ ಆಚೆ ಗಾರ್ಡ್ ನಿಂತಿದ್ದ, ಲುಂಗಿಲೆ ಎಂದು ಅವನ ಹೆಸರು. ನನ್ನ ಹೆಂಡತಿಯ ತಮ್ಮ. ಅವನೂ ಕರಿ ಟೈ ಕಟ್ಟಿಕೊಂಡಿದ್ದ.

"ನಾನೇನ್ ಮಾಡ್ಲಿ ಭಾವ," ಎಂದ. "ನಂದೂ ಮನೆ ಇಲ್ಲೇ ಐತೆ."

ನಾನು ರೇಡಿಯೊವನ್ನು ಪೆಟ್ಟಿಗೆಯ ತಲೆಯ ಕಡೆ ನೆಲಕ್ಕಿಟ್ಟೆ. ಊರಿಗೆ ಊರೇ ಸೂಟು ಹಾಕಿಕೊಂಡು, ಹೆಣದ ಸುತ್ತ ನಿಂತು ರಗ್ಬಿ ಕೇಳಿತು. ಎದುರು ತಂಡದವನು ಬಿದ್ದಾಗಲೆಲ್ಲ ಹೆಂಗಸರು ಅಯ್ಯೋ ಎಂದರು. ನಮ್ಮ ಎರಡನೇ ನಂಬರಿನ ಸ್ವಾರ್ಟ್, ಅಂದರೆ ಯಾರ ಜಾಗಕ್ಕೆ ಓದ್ವಾ ಇಳಿಯಬೇಕೋ ಅವನು, ಬಿದ್ದಾಗ ಯಾರೂ ಅಯ್ಯೋ ಎನ್ನಲಿಲ್ಲ.

"ಕಾಲು ಮುರ್ಕೊಳ್ಳೋ ಸೂಳೆಮಗನೇ!" ಎಂದು ಸೋದರತ್ತೆ ಒಬ್ಬಳು ಕೂಗಿದಳು. ಅವನು ಎದ್ದ. ಅರ್ಧ ಆಟ ಮುಗಿಯುವಾಗಲೂ ಗಟ್ಟಿಮುಟ್ಟಾಗಿದ್ದ.

ವಿರಾಮದಲ್ಲಿ ನಡೆದದ್ದನ್ನು ಓದ್ವಾ ಆಮೇಲೆ ನನಗೆ ಹೇಳಿದ. ಅವನು ಕೋಚ್ ಮುಂದೆ ಹೋಗಿ ನಿಂತನಂತೆ.

"ಸರ್, ಒಂದೈದು ನಿಮಿಷ ಇಳಿಸಿ ಸಾಕು. ನಮ್ಮಪ್ಪ ಗೇಟ್ ಹತ್ರ ಕಾಯ್ತಾವ್ನೆ."

"ಯಾವ ಗೇಟು? ಟಿಕೆಟ್ ಕೊಡ್ಸಿಲ್ವಾ?"

"ತೀರ್ಕೊಂಡವ್ನೆ ಸರ್. ಪೆಟ್ಟಿಗೇಲಿ ಅವ್ನೆ."

ಕೋಚ್ ನೀರು ಕುಡಿದು ಬಾಟಲಿ ಮುಚ್ಚಿದ. "ನೋಡು, ಸ್ವಾರ್ಟ್ ಚೆನ್ನಾಗ್ ಆಡ್ತಾ ಇದಾನೆ, ಅವನನ್ನ ತೆಗೆಯಲ್ಲ. ಸತ್ತೋರಿಗೇನಪ್ಪ ಅರ್ಜೆಂಟು? ಹೋಗು, ಕೂತ್ಕೋ."

ಓದ್ವಾ ತಲೆಯೆತ್ತಿ ಕಮಿಟಿಯವರು ಕೂರುವ ಗಾಜಿನ ಕೋಣೆಯ ಕಡೆ ನೋಡಿದ. ಧಣಿ ಗ್ಲಾಸು ಹಿಡಿದು, ಬೆಂಚಿನ ಕಡೆ ಬೆರಳು ತೋರಿಸಿ ಅತಿಥಿಗಳಿಗೆ ಏನೋ ಹೇಳುತ್ತಿದ್ದರು. ಅತಿಥಿಗಳು ಬಗ್ಗಿ ನೋಡಿದರು. ಅವನು ಬೆಂಚಿನ ಕಡೆ ಹೋಗಲಿಲ್ಲ, ಆಟಗಾರರು ಬರುವ ದಾರಿಯಲ್ಲೇ ವಾಪಸು ನಡೆದು ರಸ್ತೆಗೆ ಬಂದು ನಮ್ಮೂರ ಕಡೆ ಹೋಗುವ ಬಾಡಿಗೆ ವ್ಯಾನು ಹತ್ತಿದ.

ರೇಡಿಯೊದವನು ಪಂದ್ಯದ ಕೊನೆಯಲ್ಲಿ, ಸ್ವಾರ್ಟ್ ಸುಸ್ತಾಗಿದ್ದಾನೆ, ಬದಲಿಗೆ ಹದಿನಾರನೇ ನಂಬರಿನವನನ್ನು ಕರೆಯುತ್ತಿದ್ದಾರೆ, ಅವನು ಎಲ್ಲೂ ಕಾಣಿಸುತ್ತಿಲ್ಲ, ಇದೊಂದು ವಿಚಿತ್ರ ಎಂದ. ನಾನು ಅತ್ತಿಗೆಯ ಮುಖ ನೋಡಲಿಲ್ಲ. ಇನ್ನು ಗೇಟಿಲ್ಲ, ಕ್ಲಬ್ಬಿಲ್ಲ, ಸಂಬಳವೂ ಇಲ್ಲ. ಆಗಲೇ ವ್ಯಾನು ಬಂದು ನಿಂತಿತು.

ಓದ್ವಾ ಕ್ಲಬ್ಬಿನ ಬಟ್ಟೆಯಲ್ಲೇ ಇಳಿದ. ಟಾರು ರಸ್ತೆಯ ಮೇಲೆ ಬೂಟಿನ ಮೊಳೆಗಳು ಕಟಕಟ ಎಂದವು. ಬಟ್ಟೆಗೆ ಒಂದು ಚೂರು ಕೊಳೆ ಆಗಿರಲಿಲ್ಲ.

"ಇಳಿದ್ಯೇನ್ಲಾ ಮಗ?" ಎಂದಳು ಅತ್ತಿಗೆ.

"ಇಲ್ಲವ್ವ. ಇಲ್ಲಿ ಇಳೀತೀನಿ."

ಅವನು ಬೀಗ ನೋಡಿದ, ಗೇಟಿನ ಕಂಬ ನೋಡಿದ, ನಮ್ಮ ಕಡೆ ತಿರುಗಿದ. "ಚಿಕ್ಕಪ್ಪ, ಬಲಗಡೆ ನೀನು ಬಾ. ಇನ್ನಾರು ಜನ ಬರ್ರೋ."

ಮತ್ತೇನೂ ಹೇಳಬೇಕಾಗಲಿಲ್ಲ. ಎದುರಾಳಿಗಳನ್ನು ಒಟ್ಟಾಗಿ ನೂಕುವ ಸ್ಕ್ರಮ್ಮು ಕಟ್ಟುವುದನ್ನು ನಾವು ನಡೆಯುವುದರ ಜೊತೆಗೇ ಕಲಿತವರು. ಎಂಟು ಜನ ಒಬ್ಬರ ಹೆಗಲು ಒಬ್ಬರು ತಬ್ಬಿ ಸಾಲುಗಟ್ಟಿ ಬಗ್ಗಿದೆವು. ನನ್ನ ಮದುವೆಯ ಕೋಟು ಬೆನ್ನಿನ ಹೊಲಿಗೆ ಬಿಟ್ಟಿತು.

"ತಡಿ ಭಾವ, ತಡಿ!" ಲುಂಗಿಲೆ ಓಡಿಬಂದ. "ಮುಟ್ಟಬೇಡಿ, ಕರೆಂಟೈತೆ!" ಎಂದವನು ತನ್ನ ಕಾವಲು ಗೂಡಿನೊಳಗೆ ಹೋಗಿ ಸ್ವಿಚ್ಚು ಆರಿಸಿ ಬಂದ. "ನಮ್ಮ ಕಡೆ ಕರೆಂಟು ಹೋಗೋದು ಇದ್ದದ್ದೇ," ಎಂದು ಹೇಳಿ ನಮಗೆ ಬೆನ್ನು ಹಾಕಿ ನಿಂತುಕೊಂಡ.

ಮೊದಲ ನೂಕಿಗೆ ಗೇಟು ಬಾಗಿತು. ಎರಡನೇ ನೂಕಿಗೆ ಬೀಗ ಅಲ್ಲಾಡದೆ ಕಂಬವೇ ಬುಡಸಮೇತ ಎದ್ದು ಬಂತು. ನಾವು ಎಂಟೂ ಜನ ಅದರ ಮೇಲೆ ಬಿದ್ದೆವು. ಹೆಂಗಸರು ಸಿಳ್ಳೆ ಹಾಕಿದರು. ಆಮೇಲೆ, ಇದು ಸಾವಿನ ಮನೆ ಎಂದು ನೆನಪಾಗಿ ಹಾಡು ಶುರುಮಾಡಿದರು.

ಮಣ್ಣು ಮೆತ್ತಗಿತ್ತು. ಸರದಿಯಲ್ಲಿ ತೋಡಿ, ಅಣ್ಣನನ್ನು ಇಳಿಸುವಷ್ಟರಲ್ಲಿ ಕತ್ತಲಾಯಿತು. ಕತ್ತಲಲ್ಲಿ ಮಣ್ಣು ಮಾಡಿದ್ದನ್ನು ನಮ್ಮವರಲ್ಲಿ ಯಾರೂ ಕಂಡಿರಲಿಲ್ಲ. ಮುಚ್ಚಲು ಶುರುಮಾಡಿದಾಗ ಧಣಿಯ ಗಾಡಿ ಬಿದ್ದ ಗೇಟಿನ ಮೇಲೆಯೇ ಹಾಯ್ದು ಬಂತು. ಅದರ ದೀಪ ನೇರ ಗುಂಡಿಯ ಮೇಲೆ ಬಿದ್ದು ನಮಗೆ ಉಪಕಾರವೇ ಆಯಿತು.

ಧಣಿ ಕ್ಲಬ್ಬಿನ ಕೋಟಿನಲ್ಲೇ ಇಳಿದರು. "ಲೋ ಓದ್ವಾ! ನಿನ್ನ ಕಥೆ ಮುಗೀತು ಕಣ್ಲಾ. ಯಾವ ಕ್ಲಬ್ಬಲ್ಲೂ ನಿನಗೆ ಬೂಟು ಒರೆಸೋ ಕೆಲಸಾನೂ ಸಿಗಲ್ಲ. ನಿಮ್ಮವ್ವ ನಾಳೇನೇ ಗಂಟು ಕಟ್ಟಲಿ. ನೀವೂನು, ಎಲ್ಲಾರೂನು!"

ಸಲಿಕೆ ನಿಲ್ಲಲಿಲ್ಲ. ನಮ್ಮಲ್ಲಿ ಗೋರಿ ಮುಚ್ಚಲು ಕೂಲಿಯವರಿಲ್ಲ. ಅಲ್ಲಿಗೆ ಬಂದ ಗಂಡಸು ಯಾರೇ ಆಗಲಿ ಕೈಕಟ್ಟಿ ನಿಲ್ಲುವ ಹಾಗಿಲ್ಲ. ಸಲಿಕೆ ಕೈಯಿಂದ ಕೈಗೆ ಹೋಗಬೇಕು. ಲುಂಗಿಲೆ ತನ್ನ ಪಾಲಿನ ಮಣ್ಣು ಹಾಕಿ ಓದ್ವಾನ ಕೈಗೆ ಕೊಟ್ಟ. ಓದ್ವಾ ತನ್ನ ಪಾಲು ಹಾಕಿ, ಹಣೆ ಒರೆಸಿಕೊಂಡು, ಸಾಲಿನಲ್ಲಿ ಮುಂದೆ ಯಾರು ಎಂದು ನೋಡಿದ.

ಸಲಿಕೆಯ ಹಿಡಿಯನ್ನು ಧಣಿಯ ಕಡೆಗೆ ಚಾಚಿದ.

"ತಗೊಳ್ಳಿ ಬಾಸ್. ನಿಮ್ಮ ಸರದಿ."

ಹಿಂದಿದ್ದ ನಾನು ಕೈ ಚಾಚಿದ್ದರೆ ಸಲಿಕೆ ನನಗೆ ಬರುತ್ತಿತ್ತು, ಎಲ್ಲರಿಗೂ ಸುಲಭವಾಗುತ್ತಿತ್ತು. ನಾನು ಚಾಚಲಿಲ್ಲ. ಯಾರೂ ಚಾಚಲಿಲ್ಲ. ಗಾಡಿಯ ಎಂಜಿನ್ನು ಓಡುತ್ತಲೇ ಇತ್ತು. ಗುಂಡಿ ಇನ್ನೂ ಅರ್ಧ ತುಂಬಿರಲಿಲ್ಲ. ಇಡೀ ಊರು ಧಣಿಯ ಕೈಯನ್ನೇ ನೋಡುತ್ತ ನಿಂತಿತ್ತು.