ಬೆನ್ನು ಬಿಟ್ಟು ಹೊಲಿಯುವವಳು

ರೆಕ್ಕೆಯಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಎದುರಿಗೆ ಬಂದವರು ಕುಶಲ ಕೇಳುವಷ್ಟರಲ್ಲಿ ಆಕೆ ಮೆಲ್ಲಗೆ ಪಕ್ಕಕ್ಕೆ ಸರಿದು, ಅರ್ಧ ಸುತ್ತು ಬಳಸಿ, ಅವರ ಬೆನ್ನನ್ನು ಕಣ್ತುಂಬ ನೋಡಿದ ಮೇಲೆಯೇ ಮುಂದಕ್ಕೆ ಬಂದು "ಹೂಂ, ಚೆನ್ನಾಗಿದೀರಾ" ಎನ್ನುತ್ತಿದ್ದಳು. ಅದು ಪ್ರಶ್ನೆಯೋ ತೀರ್ಪೋ ಎಂಬುದು ಕೇಳಿಸಿಕೊಂಡವರಿಗೆ ಮನೆ ಮುಟ್ಟುವವರೆಗೂ ಬಗೆಹರಿಯುತ್ತಿರಲಿಲ್ಲ. ಹಾಲಿನ ಅಂಗಡಿಯ ಸಾಲಿನಲ್ಲಿ ಆಕೆಯ ಮುಂದೆ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಎಷ್ಟು ತಡವಾಗಿ ಬಂದರೂ ಮೊದಲ ಹಾಲು ಆಕೆಗೇ. ಬೆನ್ನ ಹಿಂದೆ ಆಡಿಕೊಳ್ಳುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಬೆನ್ನ ಹಿಂದೆ ನಿಂತು ಸುಮ್ಮನೆ ಅಳತೆ ತೆಗೆಯುವವಳು ನಮ್ಮ ಬೀದಿಯಲ್ಲಿ ಮಾತ್ರ ಇದ್ದಳು.

ಆಕೆ ಸತ್ತವರಿಗೆ ಬಟ್ಟೆ ಹೊಲಿಯುವ ದರ್ಜಿ. ಗಂಡ ಶವಪೆಟ್ಟಿಗೆ ಮಾಡುವ ಬಡಗಿ. ಒಂದೇ ಮನೆಯನ್ನು ನಡುಗೋಡೆಯೊಂದರಿಂದ ಸೀಳಿ ಎರಡು ಮಾಡಿದ್ದ ಕಟ್ಟಡದಲ್ಲಿ ಒಂದು ಪಾಲು ಅವರದು, ಇನ್ನೊಂದು ಪಾಲಿಗೆ ಬಾಡಿಗೆಗೆ ಬಂದವನು ಶಾಲೆಯ ಮೇಷ್ಟ್ರಾದ ನಾನು. ಹಗಲೆಲ್ಲ ಆ ಕಡೆಯಿಂದ ಹೊಲಿಗೆ ಯಂತ್ರದ ಗಡಗಡ, ಹಿತ್ತಿಲಿನಿಂದ ಉಳಿಯ ಟಕಟಕ. ಬದುಕಿರುವವರ ಮನೆಗಳಲ್ಲಿ ಅಷ್ಟು ಲವಲವಿಕೆಯ ಸದ್ದು ನಾನು ಕೇಳಿದ್ದಿಲ್ಲ. ಸದಾ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದ ಅಭ್ಯಾಸದಿಂದ ಪಿನ್ನು ಇಲ್ಲದಾಗಲೂ ಆಕೆಯ ಮಾತು ಬಾಯಿಯ ಒಂದು ಮೂಲೆಯಿಂದ ಮಾತ್ರ ಹೊರಬರುತ್ತಿತ್ತು. ಬೂದು ಬಣ್ಣದ ಹಳೆಯ ಕೋಟೊಂದನ್ನು ಎಲ್ಲ ಕಾಲಕ್ಕೂ ತೊಟ್ಟಿರುತ್ತಿದ್ದಳು. ಅದರ ಎದೆಯ ಮೇಲೆ ಸಾಲಾಗಿ ಚುಚ್ಚಿದ ಸೂಜಿಗಳು ಬಿಸಿಲಿಗೆ ಮಿನುಗಿದಾಗ ದೂರದಿಂದ ಯಾರೋ ಪದಕಗಳನ್ನು ಗೆದ್ದ ಸೇನಾಧಿಕಾರಿ ಬರುತ್ತಿರುವಂತೆ ತೋರುತ್ತಿತ್ತು. ನಡಿಗೆ ಮಾತ್ರ ಸೇನೆಯದಲ್ಲ. ಹೆಣದ ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಓಡಾಡಿ ರೂಢಿಯಾದವಳು ಅಗಲವಾದ ಬೀದಿಯಲ್ಲೂ ಅಡ್ಡಡ್ಡವಾಗಿಯೇ ನಡೆಯುತ್ತಿದ್ದಳು.

ಹೆಣದ ಬಟ್ಟೆಯನ್ನು ಕುತ್ತಿಗೆಯಿಂದ ಸೊಂಟದವರೆಗೆ ಹಿಂದುಗಡೆ ತೆರೆದೇ ಬಿಡುತ್ತಾರೆ. ಸೆಟೆದ ತೋಳುಗಳನ್ನು ಮಡಿಸಿ ತೊಡಿಸಲಾಗುವುದಿಲ್ಲ, ಮುಂದಿನಿಂದ ಹೊದಿಸಿ ಅಂಚನ್ನು ಮೈಯಡಿಗೆ ತುರುಕಿದರೆ ಕೆಲಸ ಮುಗಿಯಿತು. ಕಸುಬಿನವರು ಇದನ್ನು ಬೆನ್ನು ಬಿಟ್ಟು ಹೊಲಿಯುವುದು ಎನ್ನುತ್ತಾರೆ. ಯಾರೂ ನೋಡದ ಜಾಗವಾದ್ದರಿಂದ ಅಂಚಿನ ಎಳೆ ಜೋತಾಡುತ್ತಿದ್ದರೂ ಕೇಳುವವರಿಲ್ಲ. ಆದರೆ ರೆಕ್ಕೆಯಕ್ಕ ಇಡೀ ಉಡುಪನ್ನು ಯಂತ್ರದಲ್ಲಿ ದಡಬಡ ಹೊಲಿದು ಎಸೆದು, ಆ ತೆರೆದ ಅಂಚಿನ ಎದುರು ಮಾತ್ರ ಕಿಟಕಿಯ ಬೆಳಕಿಗೆ ಕೂತು, ರೇಷ್ಮೆ ದಾರದಲ್ಲಿ, ಕೈಯಲ್ಲೇ, ಇರುವೆ ಸಾಲಿಗಿಂತ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಯಾಕಕ್ಕ ಇಷ್ಟು ನಾಜೂಕು ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಹೊಸ ರೆಕ್ಕೆ ಮೇಷ್ಟ್ರೇ, ಎಳೇದಿರುತ್ತೆ. ಒರಟು ಅಂಚಿಗೆ ಸಿಕ್ಕಿ ಹರಿದ್ರೆ ಪಾಪ ಯಾರತ್ರ ಹೇಳ್ಕೋತಾರೆ?"

ಮನುಷ್ಯರು ಸತ್ತ ಮೇಲೆ ದೇವದೂತರಾಗುತ್ತಾರೆಂಬ ಮಾತನ್ನು ನಾವೆಲ್ಲ ಮಗು ಕಳೆದುಕೊಂಡ ಮನೆಗಳಲ್ಲಿ ಹೇಳಿ, ಬಾಗಿಲು ದಾಟಿದ ಮೇಲೆ ಮರೆಯುತ್ತೇವೆ. ಆಕೆಗೆ ಅದು ಸಮಾಧಾನದ ಮಾತಾಗಿರಲಿಲ್ಲ, ಕೆಲಸದ ಅಳತೆಯಾಗಿತ್ತು. "ಇರೋವರೆಗೆ ರಟ್ಟೆ, ಹೋದ್ಮೇಲೆ ರೆಕ್ಕೆ" ಎನ್ನುವುದು ಆಕೆಯದೇ ಗಾದೆ. ಧರ್ಮಗ್ರಂಥಗಳನ್ನು ಅರೆದು ಕುಡಿದಿದ್ದ ವೃದ್ಧರೊಬ್ಬರು ಇದನ್ನು ಕೇಳಿ ಕೆರಳಿ, ದೇವದೂತರದು ಬೇರೆಯೇ ಸೃಷ್ಟಿ, ಮನುಷ್ಯರು ಅವರಾಗುವುದಿಲ್ಲ ಎಂದು ತಿದ್ದಲು ಆಕೆಯ ಮನೆಗೇ ಬಂದರು. "ಕುರಿ ಸತ್ತು ಆನೆ ಆಗುತ್ತೇನಮ್ಮಾ?" ಎಂದು ಗದರಿದರು. ಆಕೆ ವಾದಿಸಲಿಲ್ಲ. ಎದ್ದು, ಅವರ ಹಿಂದೆ ಹೋಗಿ, ಅಳತೆಪಟ್ಟಿಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಎಳೆದು, "ನಿಮಗೆ ಸ್ವಲ್ಪ ಅಗಲ ಬಿಡ್ಬೇಕಾಗುತ್ತೆ" ಎಂದಳು. ಆ ಮಹನೀಯರು ಛತ್ರಿಯನ್ನು ಅಲ್ಲೇ ಮರೆತು ಹೋದರು, ಮರಳಿ ಕೇಳಲೂ ಬರಲಿಲ್ಲ.

ಬದುಕಿರುವವರ ಬಟ್ಟೆಗೆ ಆಕೆ ಕೈ ಹಾಕಿದ್ದು ಒಮ್ಮೆ ಮಾತ್ರ. ಅಂಚೆಯವನು ಮದುವೆಗೆಂದು ಕೋಟು ಹೊಲಿಯಲು ಕೊಟ್ಟಿದ್ದ. ಆಕೆಯ ಕೈ ರೂಢಿಯಂತೆ ತನ್ನ ಪಾಡಿಗೆ ತಾನು ಓಡಿತ್ತು. ಮದುವೆಯ ಮನೆಯಲ್ಲಿ ಅವನು ಕೋಟು ತೊಟ್ಟು ಹಿರಿಯರಿಗೆ ನಮಿಸಲು ಬಗ್ಗಿದಾಗ ಬೆನ್ನು ಮೇಲಿಂದ ಕೆಳಗಿನವರೆಗೆ ಬಾಯಿ ತೆರೆದುಕೊಂಡಿತು. ಅಂಚಿನುದ್ದಕ್ಕೂ ರೇಷ್ಮೆಯ ಕೈಹೊಲಿಗೆ. ನಕ್ಕವರು ನಕ್ಕರು, ಮದುಮಗಳ ತಾಯಿ ಮೂರ್ಛೆ ಹೋದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಈ ಕಥೆಗೆ ರೆಕ್ಕೆಪುಕ್ಕ ಕಟ್ಟಿ ಅಂಚೆಯವನನ್ನು ಅದೇ ವಾರ ಕೊಂದವರೂ ಇದ್ದಾರೆ. ನಿಜಕ್ಕೂ ಆತ ಇಂದಿಗೂ ಗುಂಡುಕಲ್ಲಿನಂತಿದ್ದಾನೆ. ಆದರೆ ಅಂದಿನಿಂದ ಎಲ್ಲಿ ಕೂತರೂ ಗೋಡೆಗೆ ಒರಗಿಯೇ ಕೂರುತ್ತಾನೆ.

ಗಂಡನಿಗೆ ಇದೆಲ್ಲ ತಮಾಷೆ. ದೊಡ್ಡ ದನಿಯ, ದೊಡ್ಡ ನಗೆಯ, ಹುಬ್ಬಿನ ಮೇಲೆಲ್ಲ ಮರದ ಹೊಟ್ಟು ಕೂತಿರುತ್ತಿದ್ದ ಮನುಷ್ಯ. "ಇವಳು ರೆಕ್ಕೆ ಕೊಡ್ತಾಳೆ, ನಾನು ಮುಚ್ಚಳ ಹಾಕಿ ಮೊಳೆ ಹೊಡೀತೀನಿ. ಹಾರೋದು ಹೇಗೆ ಮೇಷ್ಟ್ರೇ ಪಾಪ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದ. ಆಕೆ ಪಿನ್ನಿನ ಹಿಂದೆಯೇ ನಗುತ್ತಿದ್ದಳು. ಆಕೆ ನಗುವುದನ್ನು ನಾನು ನೋಡಿದ್ದು ಆತನ ಮಾತಿಗೆ ಮಾತ್ರ. ಮಕ್ಕಳಿರಲಿಲ್ಲ, ಬಂಧುಬಳಗವೆಂದರೆ ಎಲ್ಲೋ ದೂರದಲ್ಲಿ ಒಬ್ಬ ತಂಗಿಯ ಮಗಳು. ಸಂಜೆ ಇಬ್ಬರೂ ಎದುರುಬದುರು ಕೂತು ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಕುಡಿಯುವಾಗ ಗೋಡೆಯ ಈ ಕಡೆ ಒಂಟಿಯಾಗಿದ್ದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಒಂದು ಮಧ್ಯಾಹ್ನ, ಮಗಳನ್ನು ಕಳೆದುಕೊಂಡ ಹೆಂಗಸೊಬ್ಬಳು ಆ ಪುಟ್ಟ ಉಡುಪನ್ನು ಮಡಿಲಲ್ಲಿ ಹಿಡಿದು, "ಅಕ್ಕಾ, ಮೇಲೆ ಹೋದ್ಮೇಲೂ ಅವಳಿಗೆ ನಾನು ಅಮ್ಮ ಅಂತ ಗೊತ್ತಿರುತ್ತೆ ಅಲ್ವಾ?" ಎಂದು ಕೇಳಿದ್ದಳು. ಇನ್ನಾರಾದರೂ ಹೂಂ ಎಂದುಬಿಡುತ್ತಿದ್ದರು. ರೆಕ್ಕೆಯಕ್ಕನಿಗೆ ಸುಳ್ಳು ಬರುತ್ತಿರಲಿಲ್ಲ. ಆ ಉಡುಪಿನ ಅಂಚನ್ನು ಬೆರಳಲ್ಲಿ ಸವರಿ, "ರೆಕ್ಕೆ ಬಂದವರಿಗೆ ನೆಂಟರು ಇರಲ್ಲಮ್ಮಾ. ಅದಕ್ಕೇ ಅವರು ಅಷ್ಟು ಹಗುರ" ಎಂದಳು. ಆ ತಾಯಿ ಎದ್ದು ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ದೇವದೂತರೆಂದರೆ ಅಂದಿನವರೆಗೆ ನನ್ನ ಕಣ್ಣ ಮುಂದೆ ಬರುತ್ತಿದ್ದ ಬೆಳ್ಳನೆಯ ನಗುಮುಖಗಳು ಅಂದಿನಿಂದ ಯಾರನ್ನೂ ಗುರುತಿಸದ ಮುಖಗಳಾದವು.

ಹೊಟ್ಟಿನ ಧೂಳು ಬಡಗಿಯ ಎದೆಯನ್ನು ಒಳಗಿನಿಂದ ತಿಂದಿತ್ತು. ಹಾಸಿಗೆ ಹಿಡಿದ ಮೇಲೆ ಆ ದೊಡ್ಡ ದನಿ ಪಿಸುಮಾತಾಯಿತು. ಜೀವಮಾನವೆಲ್ಲ ನಕ್ಕವನು ಕೊನೆಗೆ ಹೆಂಡತಿಯ ಕೈ ಹಿಡಿದು, "ನನಗೂ ಬೆನ್ನು ಬಿಟ್ಟೇ ಹೊಲಿ ಕಣೇ. ಉಸಿರು ಎಳೆದೂ ಎಳೆದೂ ಸಾಕಾಗಿದೆ. ಹಗುರಾಗಿ ಹೋಗ್ಬೇಕು" ಎಂದ. ಗಂಜಿಯ ಬಟ್ಟಲು ಹಿಡಿದು ನಾನು ಅಲ್ಲೇ ಇದ್ದೆ. ಆಕೆ "ಹೂಂ" ಎಂದಳು. ಸುಳ್ಳು ಬರುವುದಿಲ್ಲವೆಂದು ನಾನು ನಂಬಿದ್ದ ಬಾಯಿ.

ಆತ ಹೋದ ಬೆಳಿಗ್ಗೆ ಉಡುಪು ತೊಡಿಸಲು ನನ್ನನ್ನು ಕರೆದಳು. ಕೈಗೆತ್ತಿಕೊಂಡು ನೋಡಿದರೆ ಬೆನ್ನು ಮುಚ್ಚಿದೆ. ಬರೀ ಮುಚ್ಚಿದ್ದಲ್ಲ, ಒಳಗೊಂದು ಅಸ್ತರು ಕೊಟ್ಟು, ಗೋಣಿಚೀಲದ ಬಾಯಿಗೆ ಹಾಕುವಂತೆ ದಪ್ಪ ದಾರದಲ್ಲಿ ಜೋಡಿ ಹೊಲಿಗೆ ಹಾಕಿ ಬಿಗಿದಿದೆ. "ಅಕ್ಕಾ, ಇದು..." ಎಂದೆ. "ಹಂಗೇ ಇರ್ಲಿ ಮೇಷ್ಟ್ರೇ." ಸೆಟೆದ ತೋಳುಗಳನ್ನು ಆ ಮುಚ್ಚಿದ ಉಡುಪಿನೊಳಗೆ ತೂರಿಸಲು ನಾವಿಬ್ಬರೂ ಪಟ್ಟ ಪಾಡು ಹೇಳತೀರದು. ಒಂದು ಕ್ಷಣ ನನಗೆ ಸತ್ತವನೇ ಕೊಸರಾಡುತ್ತಿದ್ದಾನೆಂಬ ಭ್ರಮೆಯಾಯಿತು. ಆಕೆ ಮಾತ್ರ ಹಟ ಮಾಡುವ ಮಗುವಿಗೆ ಅಂಗಿ ತೊಡಿಸುವವಳಂತೆ ಹಲ್ಲು ಕಚ್ಚಿ ತೊಡಿಸಿಯೇ ತೊಡಿಸಿದಳು. ಊರಿನವರನ್ನೆಲ್ಲ ಹಾರಲು ಬಿಟ್ಟವಳಿಗೆ ಈ ಒಬ್ಬನನ್ನು, ತನ್ನನ್ನು ಮರೆಯುವಷ್ಟು ಹಗುರಾಗಲು ಬಿಡಲಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆಂದು ಸುಮ್ಮನೆ ಹೇಳುತ್ತಾರೆಯೇ?

ಸದ್ದು ಶುರುವಾದದ್ದು ಆಮೇಲೆ. ಶಾಲೆಯಿಂದ ಬಂದು ಕಾಲು ಚಾಚಿ ಕೂತಿರುವ ಇಳಿಹೊತ್ತಿನಲ್ಲಿ, ನಡುಗೋಡೆಯ ಆ ಕಡೆ, ಸರ್ರ್ ಸರ್ರ್ ಎಂದು ಬಟ್ಟೆ ಉಜ್ಜಿದ ಸದ್ದು. ಇಲಿಯ ಸದ್ದಲ್ಲ, ಇಲಿ ಅಷ್ಟು ಎತ್ತರದಲ್ಲಿ ಓಡಾಡುವುದಿಲ್ಲ. ಭಾರವಾದ ಮೈಯೊಂದು ಗೋಡೆಗೆ ಒರಗಿ ಮೇಲಕ್ಕೂ ಕೆಳಕ್ಕೂ ಸರಿಯುತ್ತಿದ್ದಂತೆ, ದನ ಕಂಬಕ್ಕೆ ಮೈ ತಿಕ್ಕುವಂತೆ. ಮೊದಮೊದಲು ಅದರ ನಡುವೆ ಆಕೆಯ ಮಾತೂ ಕೇಳುತ್ತಿತ್ತು. ಪಿನ್ನಿಲ್ಲದ, ತುಂಬು ಬಾಯಿಯ ಮಾತು. ನಗುವೂ ಕೇಳುತ್ತಿತ್ತು. ಒಂಟಿ ಹೆಂಗಸು, ದುಃಖದ ಭರ, ತಾನಾಗಿ ತಿಳಿಯಾದೀತು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಆದರೆ ತಿಂಗಳು ಕಳೆದಂತೆ ನಗು ನಿಂತಿತು, ಮಾತು ನಿಂತಿತು, ಉಜ್ಜುವ ಸದ್ದು ಮಾತ್ರ ಬಿರುಸಾಯಿತು. ಒಂದು ಸಂಜೆ ತಡೆಯಲಾರದೆ ಬಾಗಿಲು ತಟ್ಟಿದೆ.

ಕೋಣೆಯಲ್ಲಿ ಆಕೆಯ ಹೊರತು ಯಾರೂ ಇರಲಿಲ್ಲ. ಆಕೆ ನೆಲ ಗುಡಿಸುತ್ತಿದ್ದಳು; ಪೊರಕೆಯ ಮುಂದೆ ಸುಣ್ಣದ ಬಿಳಿಯ ಪುಡಿ. ಮೇಲೆ ನೋಡಿದೆ. ನಡುಗೋಡೆಯಲ್ಲಿ, ಎತ್ತರದ ಆಳೊಬ್ಬನ ಹೆಗಲು ತಾಗುವ ಮಟ್ಟದಲ್ಲಿ, ಗಾರೆ ಕಾಣುವಂತೆ ಸುಣ್ಣ ಸವೆದಿತ್ತು. ಅಕ್ಕಪಕ್ಕದಲ್ಲಿ ಎರಡು ಉದ್ದನೆಯ ಗುರುತು, ನಡುವೆ ಬೆನ್ನೆಲುಬಿನಷ್ಟು ಜಾಗ ಬಿಟ್ಟು.

"ಅವರಿಗೆ ನವೆ ಮೇಷ್ಟ್ರೇ," ಎಂದಳು ಆಕೆ, ಪೊರಕೆ ನಿಲ್ಲಿಸದೆ. "ರೆಕ್ಕೆ ಮೊಳೀತಾ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಹಲ್ಲು ಬರೋ ಮಗು ಕಂಡಿದೀರಲ್ಲ, ಹಂಗೆ ಒದ್ದಾಡ್ತಾರೆ. ಬೈಯೋದಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಗುಂಡಿ ತೋಡುವವನ ಹತ್ತಿರ ಹೋಗಿ ಕಾಲು ಹಿಡಿದಿದ್ದಳಂತೆ, ಒಂದೇ ಒಂದು ಸಲ ತೆರೆದುಕೊಡು, ಹೊಲಿಗೆ ಬಿಚ್ಚಿ ಬಂದುಬಿಡುತ್ತೇನೆ ಎಂದು. ಅವನು "ಮಣ್ಣು ಹಾಕಿದ ಮೇಲೆ ಮುಗೀತು ಅಕ್ಕ" ಎಂದು ಕೈಮುಗಿದನಂತೆ. ಅದನ್ನು ಹೇಳುತ್ತ ಆಕೆ ಅಳಲಿಲ್ಲ. "ಹಿಡಿದಿಟ್ಕೊಂಡಿದ್ದು ನಾನು, ಬಿಚ್ಚೋದೂ ನಾನೇ. ಇನ್ನೆಷ್ಟು ದಿನ ನನಗೆ? ಕಾಯ್ತಾರೆ, ತಾಳ್ಮೆಯ ಮನುಷ್ಯ" ಎಂದಳು. ಅದೇ ಹೊತ್ತಿಗೆ ಆಕೆಯ ಬೆನ್ನ ಹಿಂದೆ ಗೋಡೆಯಿಂದ ಒಂದಿಷ್ಟು ಸುಣ್ಣ ತಾನಾಗಿ ಉದುರಿತು. ನಾನು ಬೀದಿಗೆ ಬಂದು ನಿಂತೆ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಎರಡು ಚಳಿಗಾಲ ಕಳೆದು ಆಕೆ ಜ್ವರದಲ್ಲಿ ತೀರಿಕೊಂಡಳು. ತಂಗಿಯ ಮಗಳು ಬಂದು ಬಟ್ಟೆಯ ಪೆಟ್ಟಿಗೆ ತೆರೆದಾಗ ಆಕೆಯ ಉಡುಪು ಮೊದಲೇ ಸಿದ್ಧವಾಗಿತ್ತು. ಬೆನ್ನು ಮುಚ್ಚಿತ್ತು, ಅದೇ ದಪ್ಪ ದಾರ, ಅದೇ ಜೋಡಿ ಹೊಲಿಗೆ. ರೆಕ್ಕೆ ಬಂದರೆ ನೆಂಟರು ಮರೆತುಹೋಗುತ್ತಾರೆ. ಗಂಡನನ್ನು ಹುಡುಕಿಕೊಳ್ಳುವವರೆಗೆ ಮರೆಯುವಂತಿರಲಿಲ್ಲ. ಹುಡುಗಿ ಬೆರಗಾದದ್ದು ಇನ್ನೊಂದಕ್ಕೆ. "ಮಾಮಾ, ಇಲ್ಲಿ ನೋಡಿ. ಹೆಣದ ಬಟ್ಟೆಗೆ ಯಾರಾದ್ರೂ ಜೇಬು ಹೊಲೀತಾರಾ?" ಎಂದಳು. ಹೊಲಿಯುವುದಿಲ್ಲ, ಒಯ್ಯಲು ಏನಿರುತ್ತದೆ? ಆದರೆ ಇದಕ್ಕೆ ಬಲಗೈಗೆ ಎಟುಕುವಂತೆ ಒಂದು ಜೇಬಿತ್ತು, ಅದರೊಳಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಕತ್ತರಿ. ಹುಡುಗಿ ಅದನ್ನು ತೆಗೆದಿಡಲು ಹೋದಾಗ ನಾನು ತಡೆದೆ.

ಮಣ್ಣು ಮಾಡಿ ಬಂದ ಸಂಜೆ ನಾನು ದೀಪ ಹಚ್ಚದೆ ನಡುಗೋಡೆಯ ಪಕ್ಕ ಕೂತಿದ್ದೆ. ಉಜ್ಜುವ ಸದ್ದು ಇರಲಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆ, ಸಣ್ಣಗೆ, ಕಟಕ್ ಎಂದಿತು. ಕಟಕ್, ಕಟಕ್ ಎಂದು ಮೇಲಿಂದ ಕೆಳಗೆ ಇಳಿಯಿತು. ಆಮೇಲೆ, ಕತ್ತರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಷ್ಟು ಹೊತ್ತು ಬಿಟ್ಟು, ಮತ್ತೆ ಮೇಲಿಂದ ಕೆಳಗೆ. ಹಲ್ಲಿಯಿರಬೇಕು ಎಂದುಕೊಂಡೆ. ಅಂದಿನಿಂದ ಆ ಗೋಡೆ ಬರೀ ಗೋಡೆ.

ಇಂಥವರನ್ನು ಊರು ಅರೆಮರುಳರೆಂದು ಕರೆಯುತ್ತದೆ. ಇನ್ನೊಬ್ಬರ ಅಗಲಿಕೆಗೆ ಅಂಚು ಕಟ್ಟಿ ಕೊಡುವ ಕೈಗಳು ತಮ್ಮ ಬಾಳಿನ ಒಂದೇ ಒಂದು ಅಗಲಿಕೆಯ ಎದುರು ನಡುಗಿ, ಪ್ರೀತಿಯನ್ನು ಗೋಣಿದಾರದಲ್ಲಿ ಬಿಗಿದುಬಿಡುತ್ತವೆ. ಬಿಗಿದದ್ದು ನೋಯುತ್ತಿದೆಯೆಂದು ತಿಳಿದಾಗ, ಬಿಚ್ಚಲು ಎಷ್ಟು ದೂರವಾದರೂ ತಾವೇ ಹೋಗುತ್ತವೆ. ಸತ್ತವರು ದೇವದೂತರಾಗುತ್ತಾರೋ ಇಲ್ಲವೋ ನನಗೆ ತಿಳಿಯದು. ತನ್ನ ಬೆನ್ನು ತನಗೆ ಕಾಣದು, ತನ್ನ ಕೈಗೆ ಎಟುಕದು. ರೆಕ್ಕೆ ಎಂಬುದು ಇದ್ದರೆ, ಅದನ್ನು ಬಿಡಿಸಲು ಪ್ರತಿಯೊಬ್ಬರಿಗೂ ಇನ್ನೊಬ್ಬರು ಬೇಕು.