ಹಳದಿ ಗುಲಾಬಿಯ ಸಂಚು

ಟೇಲರಮ್ಮನ ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಅಷ್ಟಿದ್ದೂ ಆಕೆಯ ಮಾತು ನಿಂತದ್ದನ್ನು ಕಂಡವರಿಲ್ಲ. ಆ ತಿಂಗಳಂತೂ ಮಾತಿಗೇ ಹೆಚ್ಚು ಕೆಲಸ ಬಿದ್ದಿತ್ತು. ಮಗಳ ಮದುವೆ ಗೊತ್ತಾಗಿತ್ತು, ಕೈ ಖಾಲಿ ಇತ್ತು.

ಮಗಳು ಕೇಳಿದ್ದು ಒಂದೇ.

"ಅಮ್ಮಾ, ಹುಟ್ಟಿದಾಗಿನಿಂದ ನಾನು ಹಾಕ್ಕೊಂಡಿದ್ದೆಲ್ಲಾ ಗಿರಾಕಿಗಳ ಬಟ್ಟೇಲಿ ಮಿಕ್ಕಿದ ತುಂಡು. ಒಂದು ತೋಳು ಹೂವಿಂದು, ಇನ್ನೊಂದು ಗೆರೆದು. ಮದುವೆ ದಿನ ಮಾತ್ರ ಬೇರೆಯವರು ಬಿಟ್ಟಿದ್ದು ಏನೂ ಬೇಡ. ಊಟ ಸಾದಾ ಇರ್ಲಿ, ಜನ ಕಮ್ಮಿ ಇರ್ಲಿ. ಹಾಲ್ ತುಂಬಾ ಹಳದಿ ಗುಲಾಬಿ ಇದ್ರೆ ಸಾಕು."

"ಆಯ್ತು ಕಣೇ," ಎಂದು ತಾಯಿ ಮಾತು ಕೊಟ್ಟಳು. ಹೂವಿನಂಗಡಿಯವನು ಹೇಳಿದ ಬೆಲೆ ಕೇಳಿದ ಮೇಲೆ ಅದೇ ನಾಲಗೆ ಕಚ್ಚಿಕೊಂಡಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಪಕ್ಕದ ಹಾಸಿಗೆ ಖಾಲಿ ಬಿದ್ದಿದ್ದರೆ ಅದರ ಮೇಲೊಂದು ಕಾಲು ಇಡಬಾರದೆಂದು ಗಾದೆ ಮಾಡಿದವರು ಎಲ್ಲೂ ಹೇಳಿಲ್ಲವಲ್ಲ!

ಪಕ್ಕದ ಹಾಸಿಗೆ ಊರಿನ ಸಿರಿವಂತರಾದ ಬಂಗಲೆಯವರದು. ಸೋಮವಾರ ಬಾಡಿಗೆ ಅರ್ಧ ಎಂದು ಟೇಲರಮ್ಮ ಹಾಲ್ ಹಿಡಿದಿದ್ದಳು. ಹಿಂದಿನ ದಿನ ಅದೇ ಹಾಲಿನಲ್ಲಿ ಬಂಗಲೆಯವರ ಮಗಳ ಮದುವೆ. ಅಲಂಕಾರ ಬಿಚ್ಚುವ ಆಳುಗಳು ಬರುವುದು ಸೋಮವಾರ ಸಂಜೆಗೇ. "ಅಲ್ಲೀವರೆಗೂ ಹೂವು ಇದ್ದಲ್ಲೇ ಇರುತ್ತೆ, ನಾನ್ಯಾಕೆ ಕೀಳೋಕೆ ಹೋಗ್ಲಿ?" ಎಂದು ಹಾಲಿನ ಮ್ಯಾನೇಜರು ಕಣ್ಣು ಮಿಟುಕಿಸಿದ್ದ. ಹೂವು ಸಿಕ್ಕಿದ ಹಾಗೇ ಎನ್ನಿ. ತೊಡಕು ಒಂದೇ. ಬಂಗಲೆಯವರು ಗೊತ್ತುಮಾಡಿದ್ದು ಕೆಂಪು ಗುಲಾಬಿ.

ಪುಣ್ಯಕ್ಕೆ, ಆ ಹುಡುಗಿಯ ಮದುವೆ ಉಡುಪು ಹೊಲಿಯುತ್ತಿದ್ದವಳೂ ಟೇಲರಮ್ಮನೇ.

ಬಂಗಲೆಯ ತಾಯಿ ಮಗಳು ಅಳತೆಗೆಂದು ಮೊದಲ ಸಲ ಬಂದಾಗ ಆಕೆ ಮೆಲ್ಲಗೆ ಗಾಳ ಹಾಕಿದಳು. "ಅಲ್ಲಾ ಅಮ್ಮಾವ್ರೇ, ಇಷ್ಟು ಚೆಂದದ ಬಟ್ಟೆ ಹಿಂದೆ ಕೆಂಪು ಹೂವಾ? ಫೋಟೋದಲ್ಲಿ ಜನ ಹೂವು ನೋಡ್ತಾರೋ, ನಿಮ್ಮ ಮಗಳನ್ನ ನೋಡ್ತಾರೋ? ನನಗ್ಯಾಕೆ ಬಿಡಿ." ಎರಡನೇ ಸಲ ಬಂದಾಗ ಕನ್ನಡಿಯ ಎದುರು ಗೋಡೆಗೆ ಒಂದು ಕಡುಗೆಂಪು ಪರದೆ ತೂಗುತ್ತಿತ್ತು, ದೀಪವೂ ಮಂಕಾಗಿತ್ತು, ಹುಡುಗಿಯ ಮುಖ ಜ್ವರ ಬಂದವರ ಹಾಗೆ ಕಂಡಿತು. ಮೂರನೇ ಸಲಕ್ಕೆ ಹಳದಿ ಪರದೆ, ಕಿಟಕಿ ಪೂರ್ತಿ ತೆರೆದು ಬೆಳಗಿನ ಬಿಸಿಲು.

"ಹೂವು ಹಳದೀನೇ ಮಾಡಿಸಿದ್ರೆ ಹೇಗೆ?" ಎಂದರು ಬಂಗಲೆಯಮ್ಮ.

"ಅಯ್ಯೋ, ನನಗೆ ಹೊಳೆದೇ ಇರ್ಲಿಲ್ಲ ನೋಡಿ! ದೊಡ್ಡವರ ಕಣ್ಣೇ ಬೇರೆ."

"ನನಗೆ ಕೆಂಪೇ ಇಷ್ಟ," ಎಂದಳು ಹುಡುಗಿ. ದೊಡ್ಡವರ ಮದುವೆಯಲ್ಲಿ ಮದುಮಗಳ ಮಾತು ಕೇಳುವವರು ಯಾರು? ಅವಳು ಕನ್ನಡಿಯಲ್ಲಿ ಟೇಲರಮ್ಮನನ್ನೇ ನೋಡಿದಳು. ಟೇಲರಮ್ಮ ಆ ನೋಟ ತಪ್ಪಿಸಿದಳು. ಬಗ್ಗಿ ಅಂಚು ಮಡಿಸತೊಡಗಿದಳು.

ಸೋಮವಾರ ಬೆಳಿಗ್ಗೆ ಹಾಲಿಗೆ ಕಾಲಿಟ್ಟ ಮಗಳು "ಅಮ್ಮಾ!" ಎಂದು ನಿಂತುಬಿಟ್ಟಳು. ಕಂಬ, ಬಾಗಿಲು, ವೇದಿಕೆ, ಎಲ್ಲೆಲ್ಲೂ ಹಳದಿ ಗುಲಾಬಿ. ಟೇಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ನಿನ್ನೆಯ ಮದುಮಕ್ಕಳ ಹೆಸರಿದ್ದ ರಿಬ್ಬನ್ನುಗಳನ್ನೆಲ್ಲ ಆಕೆ ಮುಂಜಾನೆಯೇ ಬಂದು ಕತ್ತರಿಸಿದ್ದಳು. ಒಂದು ಮಾತ್ರ ಕಂಬದ ಹಿಂದೆ ಉಳಿದುಬಿಟ್ಟಿತ್ತು. ಅದು ಮಗಳ ಕೈಗೇ ಸಿಗಬೇಕೆ?

"ಇದು ಯಾರ ಹೆಸರಮ್ಮಾ?"

ಟೇಲರಮ್ಮನ ಬಾಯಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ.

"ಇವತ್ತೂ ಮಿಕ್ಕಿದ ತುಂಡೇನಾ?" ಎಂದು ಮಗಳು ಕುರ್ಚಿಯಲ್ಲಿ ಕುಸಿದಳು. ಅವಳ ಕಣ್ಣು ತುಂಬಿತು. ತಾಯಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

"ಮಿಕ್ಕಿದ್ದು ಅಂತ ಯಾರ್ರೀ ಹೇಳಿದ್ದು?"

ಬಾಗಿಲಲ್ಲಿ ಬಂಗಲೆಯವರ ಹುಡುಗಿ ನಿಂತಿದ್ದಳು. ನಿನ್ನೆ ಕಳೆದುಹೋದ ಕಿವಿಯೋಲೆ ಹುಡುಕಿಕೊಂಡು ಬಂದಿದ್ದವಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ಮಗಳ ಕೈಯಿಂದ ರಿಬ್ಬನ್ನು ಕಿತ್ತು ಮುದ್ದೆ ಮಾಡಿದಳು.

"ನನಗೆ ಕೆಂಪು ಬೇಕಿತ್ತು. ನಿಮ್ಮಮ್ಮ ಬಿಡ್ಲಿಲ್ಲ. ಪರದೆ ಕಟ್ಟಿ, ಕಿಟಕಿ ತೆಗೆದು, ನಮ್ಮಮ್ಮನ ತಲೆ ಕೆಡಿಸಿ ಹಳದಿ ಮಾಡಿಸಿದ್ರು. ಯಾಕೆ ಅಂತ ಈಗ ಗೊತ್ತಾಯ್ತು. ಇದು ನಿಮಗೋಸ್ಕರ ತರಿಸಿದ ಹೂವು ಕಣ್ರೀ. ನಿನ್ನೆ ಒಂದು ದಿನ ನಾನು ಬಳಸಿಕೊಂಡೆ, ಅಷ್ಟೇ."

ಮಗಳು ತಾಯಿಯನ್ನು ನೋಡಿದಳು. ತಾಯಿ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಒರೆಸಿಕೊಳ್ಳುತ್ತಿದ್ದಳು. ಮಗಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

"ಹಾಗಾದ್ರೆ ನಮ್ಮ ಹೂವಿನ ಬಾಡಿಗೆ ನೀವು ಕೊಡ್ಬೇಕಾಯ್ತು!"

"ಕೊಡೋಣ. ಮೊದ್ಲು ಊಟ ಹಾಕ್ಸಿ. ನಿನ್ನೆ ಫೋಟೋ ಗಲಾಟೇಲಿ ಒಂದು ತುತ್ತೂ ತಿಂದಿಲ್ಲ."

"ಬನ್ನಿ, ಬನ್ನಿ. ಊಟ ನಮ್ಮದೇ, ಬಿಸಿಯಾಗಿದೆ."

ಬಂಗಲೆಯವರ ಹುಡುಗಿ ಎರಡನೇ ಸಲ ಬಡಿಸಿಕೊಳ್ಳುವ ಹೊತ್ತಿಗೆ ಟೇಲರಮ್ಮ ಏದುಸಿರು ಬಿಡುತ್ತಾ ಬೀದಿಯಿಂದ ಬಂದಳು. ಕೈಯಲ್ಲಿ ಒಂದೇ ಒಂದು ಕೆಂಪು ಗುಲಾಬಿ. ತುಟಿಯ ನಡುವಿನ ಗುಂಡುಸೂಜಿ ತೆಗೆದು ಹೂವನ್ನು ಹುಡುಗಿಯ ಹೆಗಲಿಗೆ ಸಿಕ್ಕಿಸಿದಳು.

"ಇದನ್ನ ಯಾರ ಮದುವೆಯಿಂದ ಕಿತ್ತಿದ್ದು, ಟೇಲರಮ್ಮಾ?"

"ಅಂಗಡಿಯಿಂದ ಕಣಮ್ಮಾ," ಎಂದಳು ಟೇಲರಮ್ಮ ತಲೆ ತಗ್ಗಿಸಿ. "ದುಡ್ಡು ಕೊಟ್ಟು ತಂದಿದ್ದು."